ಡಾಕ್ಟರಮ್ಮನ ನಾಲ್ಕು ದಿಕ್ಕು

ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಯಾದಗಿರಿ ಸ್ಟೇಷನ್ ರಸ್ತೆಯ ಹಿಂದಿನ ಓಣಿ, ಡಾಕ್ಟರಮ್ಮನ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಹಲ್ಲಿನ ಸೆಟ್ಟು ಮಾಡುವ ಖಾಸಿಂ. ನಾಲ್ಕನೆಯವರಾದ ಡಾಕ್ಟರಮ್ಮನನ್ನು ಹಿಂದಿನ ದಿನ ಮಧ್ಯಾಹ್ನ ಮಣ್ಣು ಮಾಡಿ ಬಂದಿದ್ದೆವು. ಹತ್ತೂವರೆಗೆ ಚೀನಾದಲ್ಲಿರುವ ಅವರ ಅಣ್ಣನಿಗೆ ಫೋನ್ ಮಾಡಿ, ತಂಗಿ ಹೋದ ಸುದ್ದಿಯನ್ನು ಅವರದೇ ಮಾತಿನಲ್ಲಿ ಹೇಳಬೇಕಿತ್ತು. ಆ ಕೆಲಸ ನನ್ನದು. ನನಗೆ ಬರುತ್ತಿದ್ದದ್ದು ಮೇಜಿನ ಮೇಲಿನ ಆಟದ ಮಾತು ಮಾತ್ರ. ಸಾವು ಎಂಬುದಕ್ಕೆ ಒಂದು ಪದವೂ ತಿಳಿದಿರಲಿಲ್ಲ.

ಮಾಡಲು ಬೇರೆ ಕೆಲಸವಿಲ್ಲದೆ ಕುಳಿತಿದ್ದಾಗ ನನಗೆ ನೆನಪಾದದ್ದು ಅವರ ಮುಖವಲ್ಲ, ಬಲಗೈ ಹೆಬ್ಬೆರಳು. ಅದರ ತುದಿ ಚಪ್ಪಟೆಯಾಗಿತ್ತು. ಗೆರೆಗಳೆಲ್ಲ ಸವೆದು ನದಿಯ ಕಲ್ಲಿನಂತೆ ನುಣುಪಾಗಿತ್ತು. ಬ್ಯಾಂಕಿನ ಯಂತ್ರ ಆ ಹೆಬ್ಬೆಟ್ಟನ್ನು ಒಮ್ಮೆಯೂ ಒಪ್ಪಲಿಲ್ಲ. ಪ್ರತಿ ಸಲವೂ ಕೆಂಪು ದೀಪ. ಆದರೆ ಆಟದ ಬಿಲ್ಲೆಯನ್ನು ಬೋರಲಾಗಿ ಎತ್ತಿಕೊಂಡು, ಅಡಿಯಲ್ಲಿ ಆ ಹೆಬ್ಬೆರಳನ್ನು ಒಮ್ಮೆ ಸವರಿದರೆ ಸಾಕು, ಅದರ ಮೇಲೆ ಕೆತ್ತಿದ್ದು ಏನೆಂದು ಅವರಿಗೆ ತಿಳಿದುಬಿಡುತ್ತಿತ್ತು. ತಿರುಗಿಸಿ ನೋಡುತ್ತಲೇ ಇರಲಿಲ್ಲ. ಬೇಡವಾದರೆ ಹಾಗೇ ನಡುವೆ ಎಸೆಯುತ್ತಿದ್ದರು.

ಅವರು ಡಾಕ್ಟರಲ್ಲ. ಡಾಕ್ಟರು ಅವರ ಯಜಮಾನರು, ಹಲ್ಲಿನವರು. ಚೀನಾದ ಯಾವುದೋ ಹಳ್ಳಿಯಿಂದ ಹಲ್ಲು ಕೀಳುವ, ಕಟ್ಟುವ ವಿದ್ಯೆ ಹಿಡಿದು ಕಲಕತ್ತೆಗೆ ಬಂದ ಮನೆತನಗಳಲ್ಲಿ ಒಂದು ಹೈದರಾಬಾದಿಗೆ ಇಳಿದು, ಅಲ್ಲಿಂದ ಒಂದು ಕವಲು ರೈಲು ಹಿಡಿದು ಯಾದಗಿರಿಗೆ ಬಂತು. ನಾನು ಹುಡುಗನಾಗಿ ಸುರಪುರದಿಂದ ಬಂದಾಗಲೂ ಆ ಓಣಿಯ ಬಾಯಿಗೆ ಮರದ ಹಲಗೆ ಇತ್ತು. ಅದರ ಮೇಲೆ ಮೇಲ್ದವಡೆ, ಕೆಳದವಡೆ, ನಡುವೆ ಗುಲಾಬಿ ಬಣ್ಣ. ಡಾಕ್ಟರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹಲಗೆ ಉಳಿದಿತ್ತು, ಅದರ ಕೆಳಗೆ ಸೆಟ್ಟು ಮಾಡುತ್ತ ಖಾಸಿಂ ಉಳಿದಿದ್ದ, ಒಳಗೆ ಡಾಕ್ಟರಮ್ಮ.

ನಮ್ಮ ಮೊದಲ ಭೇಟಿ ಸ್ನೇಹದ್ದಲ್ಲ. ನಾನು ಭೂಮಾಪನ ಇಲಾಖೆಯವನು. ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳಲ್ಲಿ ಮೂವತ್ತಾರು ವರ್ಷ ಸರಪಳಿ ಎಳೆದು ಗಡಿಕಲ್ಲು ನೆಟ್ಟವನು. ಪಕ್ಕದ ಎಣ್ಣೆ ಅಂಗಡಿಯವರು ತಕರಾರು ಕೊಟ್ಟಿದ್ದರು, ಡಾಕ್ಟರಮ್ಮನ ಬಚ್ಚಲ ಗೋಡೆ ತಮ್ಮ ಜಾಗದಲ್ಲಿದೆ ಎಂದು. ಅಳೆದೆ. ಒಂದೂವರೆ ಅಡಿ ಒಳಗೆ ಬಂದಿತ್ತು. ಹೇಳಿದೆ.

"ಖರೇನ ಅಳತೀನಾ?" ಎಂದರು ಅವರು.

"ಖರೇ ಅಳತಿ, ಅಮ್ಮಾ."

"ಇನ್ನೊಮ್ಮಿ ಅಳೀರಿ."

ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು. ಅವರು ಒಳಗೆ ಹೋದರು. ನನ್ನ ಜೊತೆಯ ಜವಾನ "ನಡೀರಿ ಸಾಹೇಬ್ರ, ಬೈಸ್ಕೊಳ್ಳೂದು ಯಾಕ" ಎಂದ. ಆದರೆ ಅವರು ಹೊರಗೆ ಬಂದದ್ದು ಹಾಲಿಲ್ಲದ ಚಹಾದ ಎರಡು ಬಟ್ಟಲು ಹಿಡಿದು. ನಾನು ನಿಂತೇ ಕುಡಿದೆ. ಎಂಟು ದಿನದಲ್ಲಿ ಗೋಡೆ ಕೆಡವಿಸಿದ್ದರು.

ನಿವೃತ್ತನಾದ ಮೇಲೆ ನಾವು ಅದೇ ಓಣಿಯಲ್ಲಿ ಮನೆ ಮಾಡಿದೆವು. ನನ್ನ ದಿನಚರಿ ಓಣಿಗೆಲ್ಲ ಗೊತ್ತಿತ್ತು. ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಉಂಡು, ಮಲಗಿ ಬೆಳೆದವನಿಗೆ ಎಪ್ಪತ್ತರಲ್ಲೂ ಅದು ಬಿಡುವುದಿಲ್ಲ. ಒಂದು ದಿನ ಡಾಕ್ಟರಮ್ಮ ಗೇಟಿನಲ್ಲಿ ನನ್ನನ್ನು ತಡೆದರು.

"ಸರ್ವೇಯರ್ ಸಾಹೇಬ್ರ, ಸಂಜಿ ನಾಕಕ್ಕ ಏನ್ ಮಾಡ್ತೀರಿ?"

"ನಾಕರಿಂದ ನಾಕೂವರಿ ಪೇಪರ್. ನಾಕೂವರಿಂದ ಐದೂವರಿ ಸ್ಟೇಷನ್ ತನಕ ನಡಿಯೋದು."

"ಪೇಪರ್ ಮುಂಜಾನಿ ಓದ್ರಿ. ನಾಕರಿಂದ ಆರು ಇನ್ನ ನಂದು. ಮನಿಯವ್ರನ್ನೂ ಕರ್ಕೊಂಡು ಬರ್ರಿ. ನಾಕು ಮಂದಿ ಬೇಕು."

ಯಾಕೆಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಒಬ್ಬರು ನನ್ನ ವೇಳಾಪಟ್ಟಿಯನ್ನು ಅಷ್ಟು ನೇರವಾಗಿ ತಿದ್ದಿದ್ದು ಅದೇ ಮೊದಲು, ಆ ಗಾಬರಿಯಲ್ಲಿ ಹೂಂ ಎಂದುಬಿಟ್ಟೆ.

ಆಟದ ಹೆಸರು ಮಾಜಾಂಗ್. ನೂರಕ್ಕೂ ಮಿಕ್ಕಿ ಬಿಲ್ಲೆಗಳು, ಮುಖ ಎಲುಬಿನದು, ಬೆನ್ನು ಬಿದಿರಿನದು. ಕೆಲವುಗಳ ಮೇಲೆ ಒಂದರಿಂದ ಒಂಬತ್ತರವರೆಗೆ ಬಿದಿರುಕಡ್ಡಿ, ಕೆಲವುಗಳ ಮೇಲೆ ಗುಂಡು, ಕೆಲವುಗಳ ಮೇಲೆ ಚೀನೀ ಅಂಕಿ, ಇನ್ನು ಕೆಲವುಗಳ ಮೇಲೆ ನಾಲ್ಕು ದಿಕ್ಕಿನ ಗಾಳಿಗಳ ಹೆಸರು. ನಾಲ್ವರು ಮೇಜಿನ ಸುತ್ತ ಕೂರಬೇಕು. ಒಬ್ಬೊಬ್ಬರ ಮುಂದೆ ಹದಿಮೂರು. ಒಂದು ಎತ್ತಬೇಕು, ಒಂದು ಬಿಡಬೇಕು, ಮೂರು ಮೂರರ ಗುಂಪು ಕೂಡಿಸಬೇಕು. ಇಷ್ಟು ನನಗೆ ಒಂದು ವಾರದಲ್ಲಿ ತಿಳಿಯಿತು. ಉಳಿದದ್ದು ಇವತ್ತಿಗೂ ತಿಳಿದಿದೆ ಎಂದು ಹೇಳಲಾರೆ.

ಡಾಕ್ಟರಮ್ಮನ ಷರತ್ತು ಒಂದೇ. ಮೇಜಿನ ಮುಂದೆ ಕೂತ ಮೇಲೆ ಕನ್ನಡ ಇಲ್ಲ, ಉರ್ದು ಇಲ್ಲ. ಅವರ ಮಾತೇ ಆಡಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ, ಕಿವುಡರಾಗುತ್ತಿದ್ದರು. ನನ್ನ ಹೆಂಡತಿ ಒಮ್ಮೆ "ಅಮ್ಮಾ, ಚಹಾ ಉಕ್ಕಾಕತ್ತದ" ಎಂದು ಮೂರು ಸಲ ಕೂಗಿದಳು. ಚಹಾ ಉಕ್ಕಿ ಒಲೆ ಆರಿತು. ಡಾಕ್ಟರಮ್ಮ ಬಿಲ್ಲೆ ಸವರುತ್ತ ಕೂತಿದ್ದರು. ಕೊನೆಗೆ ಖಾಸಿಂ ಅವರ ಮಾತಿನಲ್ಲಿ ಏನೋ ಅಂದ. ತಟ್ಟನೆ ಎದ್ದು ಓಡಿದರು.

ನಾನು ಕಲಿಕೆಗೆ ನೋಟ್ ಪುಸ್ತಕ ಇಟ್ಟೆ. ಉದ್ದನೆಯದು, ಕೆಂಪು ರಟ್ಟಿನದು. ಮೂರು ಕಾಲಂ ಎಳೆದೆ: ಬಿಲ್ಲೆಯ ಚಿತ್ರ, ಡಾಕ್ಟರಮ್ಮ ಅಂದ ಸದ್ದು, ಕನ್ನಡದ ಅರ್ಥ. ಪ್ರತಿ ಸಂಜೆ ಆರೂಕಾಲಿಗೆ ಮನೆಗೆ ಬಂದು ಹೊಸ ಪದಗಳನ್ನು ಹತ್ತು ಹತ್ತು ಸಲ ಬರೆಯುತ್ತಿದ್ದೆ. ನನ್ನ ಹೆಂಡತಿ ಒಂದಕ್ಷರ ಬರೆಯಲಿಲ್ಲ. ಮೂರು ತಿಂಗಳಲ್ಲಿ ಅವಳು ಡಾಕ್ಟರಮ್ಮನ ಜೊತೆ ಜಗಳ ಆಡುತ್ತಿದ್ದಳು, ಅದೂ ಅವರ ಮಾತಿನಲ್ಲಿ. ಅವಳು ಬಿಟ್ಟ ಬಿಲ್ಲೆಯನ್ನು ಡಾಕ್ಟರಮ್ಮ "ಪೋಂಗ್!" ಎಂದು ಎತ್ತಿಕೊಂಡರೆ ಇವಳು ಕೈ ಎತ್ತಿ ಏನೋ ಅನ್ನುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಏನಂದೆ ಎಂದು ದಾರಿಯಲ್ಲಿ ಕೇಳಿದರೆ, "ನಂಗೇನ್ ಗೊತ್ತು, ಅಕಿ ನಂಗ ಅಂದಿದ್ದನ್ನ ನಾ ಅಕಿಗಿ ಅಂದೆ" ಎನ್ನುತ್ತಿದ್ದಳು. ಇದನ್ನು ಯಾವ ಕಾಲಂನಲ್ಲಿ ಬರೆಯಲಿ?

ದೊಡ್ಡ ತೊಡಕು ದಿಕ್ಕಿನದು. ಡಾಕ್ಟರಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆ ಬಾಗಿಲು ಪೂರ್ವಕ್ಕಿದೆ, ಅವರ ಜಾಗಕ್ಕೂ ಪೂರ್ವ ಎಂದೇ ಹೆಸರು, "ತೋಂಗ್". ಎದುರಿಗೆ ನನ್ನ ಹೆಂಡತಿ, ಪಶ್ಚಿಮ, "ಶಿ". ಸರಿ. ಆದರೆ ಅವರ ಬಲಗಡೆ ಕೂತ ನಾನು "ಲಾನ್", ಅಂದರೆ ದಕ್ಷಿಣ. ಪೂರ್ವಕ್ಕೆ ಬೆನ್ನು ಹಾಕಿದವರ ಬಲಕ್ಕೆ ಬರುವುದು ಉತ್ತರ. ಇದು ಮೂರನೆಯ ತರಗತಿಯ ಪಾಠ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ನನ್ನ ಹಳೆಯ ದಿಕ್ಸೂಚಿ ತಂದು ಮೇಜಿನ ನಡುವೆ ಇಟ್ಟೆ.

"ಅಮ್ಮಾ, ಮುಳ್ಳು ನೋಡ್ರಿ. ನಾ ಉತ್ತರಕ್ಕ ಕುಂತೀನಿ."

ಕನ್ನಡ ಆಡಿದ್ದೆ. ಅವರು ಕಿವುಡರಾಗಬೇಕಿತ್ತು, ಆಗಲಿಲ್ಲ. ಮುಳ್ಳನ್ನು ನೋಡಿದರು. ನನ್ನನ್ನು ನೋಡಿದರು. ಒಂದು ಬಿಲ್ಲೆ ತೆಗೆದು ದಿಕ್ಸೂಚಿಯ ಗಾಜಿನ ಮೇಲೆ ಇಟ್ಟು ಮುಳ್ಳನ್ನು ಮುಚ್ಚಿದರು.

"ಈಗ ನೀವು ಲಾನ್," ಎಂದರು.

ಖಾಸಿಂ ಮಧ್ಯೆ ಬಾಯಿ ಹಾಕಿದ. "ಸಾಹೇಬ್ರ, ಮುಳ್ಳು ಸರ್ಕಾರದ್ದು, ಮೇಜು ಅಮ್ಮಂದು. ಬಿಡ್ರಿ ಇನ್ನ."

ನಾನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಮಾಳಿಗೆ ಹತ್ತಿ ನೋಟ್ ಪುಸ್ತಕದ ಹಾಳೆಯಲ್ಲಿ ಅವರ ನಾಲ್ಕು ದಿಕ್ಕು ಬರೆದು, ಅಂಗಾತ ಮಲಗಿ, ಹಾಳೆಯನ್ನು ಮುಖದ ಮೇಲೆ ಕೆಳಮುಖವಾಗಿ ಹಿಡಿದು ನೋಡಿದೆ. ಎಲ್ಲ ದಿಕ್ಕೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಭೂಮಿಯನ್ನು ಮೇಲಿನಿಂದ ನೋಡಿದರೆ ನನ್ನ ನಕ್ಷೆ ಸರಿ, ಮಲಗಿ ಆಕಾಶ ನೋಡಿದರೆ ಅವರದು ಸರಿ. ಖುಷಿಯಾಗಿ ಸಂಜೆ ವರದಿ ಒಪ್ಪಿಸಿದೆ. ಡಾಕ್ಟರಮ್ಮ ಪೂರ್ತಿ ಕೇಳಿ, "ಇರಬಹುದ್ರಿ. ನಮ್ಮಪ್ಪ ಹಿಂಗ ಕುಂಡ್ರಿಸ್ತಿದ್ದ, ನಾವು ಕುಂಡ್ರತಿದ್ದೆವು" ಎಂದರು. ಆಟ ಶುರುವಾಯಿತು. ಮೊದಲ ಕೈ ಆಟ ಮುಗಿದಾಗ ಪೂರ್ವ ನನ್ನ ಜಾಗಕ್ಕೆ ದಾಟಿತು. ಕೈ ಸೋತಂತೆ ಗೆದ್ದಂತೆ ದಿಕ್ಕುಗಳು ಒಬ್ಬರಿಂದ ಒಬ್ಬರಿಗೆ ಸರಿಯುತ್ತವಂತೆ. ಆಯುಷ್ಯವೆಲ್ಲ ಕಲ್ಲು ನೆಟ್ಟು ಕದಲದಂತೆ ನೋಡಿಕೊಂಡವನಿಗೆ ಇದನ್ನು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು.

ಇನ್ನೊಂದು ವಿಷಯ ಒಪ್ಪಿಕೊಳ್ಳಲೇ ಇಲ್ಲ. ಬಿಲ್ಲೆಗಳಲ್ಲಿ ಒಂದು ಕಳೆದಿತ್ತು, ಎಂಟು ಬಿದಿರಿನದು. ಅದರ ಬದಲಿಗೆ ಖಾಸಿಂ ಒಂದು ಮಾಡಿಕೊಟ್ಟಿದ್ದ. ಅವನ ಹತ್ತಿರ ಇದ್ದದ್ದು ಹಲ್ಲಿನ ಸೆಟ್ಟಿನ ಸಾಮಾನು. ಹಾಗಾಗಿ ಆ ಬಿಲ್ಲೆ ಪೂರ್ತಿ ವಸಡಿನ ಬಣ್ಣ, ಹೊಳಪು ಗುಲಾಬಿ. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ, ಕೆತ್ತನೆ ಮುದ್ದಾಗಿತ್ತು. ಆದರೆ ಬೋರಲು ಹಾಕಿದರೂ ಅದು ಎಂಟು ಬಿದಿರು ಎಂದು ನಾಲ್ವರಿಗೂ ಕಾಣುತ್ತಿತ್ತು. ಗುಟ್ಟಿನ ಆಟದಲ್ಲಿ ಹೀಗೆ ಆಡುವುದು ಹೇಗೆ?

"ಇದು ನಿಯಮಕ್ಕ ವಿರುದ್ಧ ಅಲ್ಲೇನ್ರಿ ಅಮ್ಮಾ?" ಎಂದು ಆಟ ಮುಗಿದ ಮೇಲೆ ಕೇಳಿದೆ.

"ಎಲ್ಲಾರಿಗೂ ಕಾಣ್ತದಲ್ಲ. ಒಬ್ಬರಿಗೇ ಕಂಡ್ರ ಮೋಸ."

ಖಾಸಿಂ ನೊಂದ ದನಿಯಲ್ಲಿ, "ಅಮ್ಮಾ, ಬಿಳೀ ಸಾಮಾನು ತಂದು ಇನ್ನೊಂದು ಮಾಡ್ತೀನಿ ಅಂದ್ರ ನೀವೇ ಬ್ಯಾಡಂದ್ರಿ" ಎಂದ.

"ಯಾಕ ಬೇಕು? ಚಂದ ಅದ. ನಗ್ತದ ಅದು," ಎಂದರು ಡಾಕ್ಟರಮ್ಮ.

ನನ್ನ ನೋಟ್ ಪುಸ್ತಕದ ಕತೆಗೆ ಬರುತ್ತೇನೆ, ಯಾಕೆಂದರೆ ಎಲ್ಲ ಹೊರಬಿದ್ದದ್ದು ಅದರಿಂದ. ಹತ್ತು ತಿಂಗಳು ಕಳೆದ ಮೇಲೆ ಕುಳಿತು ಪರಿಶೀಲಿಸಿದೆ. ಬಹಳ ಕಡೆ ತಾಳೆಯಾಗುತ್ತಿರಲಿಲ್ಲ. ಆಷಾಢದಲ್ಲಿ ಒಂದು ಬಿಲ್ಲೆಗೆ ಒಂದು ಹೆಸರು, ದೀಪಾವಳಿಗೆ ಇನ್ನೊಂದು. "ಬೇಗ ಆಡು" ಎಂಬುದಕ್ಕೆ ಮೂರು ಬೇರೆ ಬೇರೆ ಮಾತು ಬರೆದಿದ್ದೆ. ಫೋನಿನಲ್ಲಿ ಚೀನೀ ಭಾಷೆ ಕಲಿಸುವ ಒಂದು ಆ್ಯಪ್ ಹಾಕಿಸಿಕೊಂಡು ಕೇಳಿದೆ. ಅದು ದಕ್ಷಿಣಕ್ಕೆ "ನಾನ್" ಎನ್ನುತ್ತಿತ್ತು, ಲಾನ್ ಅಲ್ಲ. ಒಬ್ಬರು ಬಿಟ್ಟ ಬಿಲ್ಲೆ ಎತ್ತಿಕೊಳ್ಳುವಾಗ ಆಟದಲ್ಲಿ ಅನ್ನುವ "ತಿಂದೆ" ಎಂಬುದಕ್ಕೂ ಬೇರೆಯೇ ಸದ್ದು. ತಪ್ಪಿದ್ದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪುಸ್ತಕ ತೆಗೆದುಕೊಂಡು ಹೋದೆ. ಆ ದಿನ ಆಟಕ್ಕೆ ಮೊದಲೇ ಅವರ ಮುಂದಿಟ್ಟೆ. ಗುಮಾಸ್ತನ ಲೆಕ್ಕದ ತಪ್ಪು ಹಿಡಿದ ಹಾಗೆ ಒಂದೊಂದೇ ತೋರಿಸಿದೆ.

ಮೊದಲಿಗೆ ನಕ್ಕರು. "ಫೋನಿಗಿ ನಮ್ಮೂರು ಗೊತ್ತಿಲ್ಲ. ರೇಡಿಯೋದಾಕಿ ಕನ್ನಡ ಮಾತಾಡ್ತಾಳ, ನಿಮ್ಮ ಸುರಪುರದ ಕನ್ನಡ ಮಾತಾಡ್ತಾಳೇನು?"

"ಅದು ಸರಿ ಅಮ್ಮಾ. ಆದ್ರ ನೀವು ಒಂದೊಂದು ದಿನ ಒಂದೊಂದು ಹೇಳೀರಲ್ಲ?"

ನಗು ನಿಂತಿತು. ಕೆಂಪು ಗೆರೆಗಳ ಮೇಲೆ ಆ ಹೆಬ್ಬೆರಳನ್ನು ನಿಧಾನ ಆಡಿಸಿದರು, ಅವುಗಳನ್ನೂ ಓದಬಹುದು ಎಂಬಂತೆ.

"ನಂಗೂ ಮರ್ತದ್ರಿ," ಎಂದರು.

ನನ್ನ ಹೆಂಡತಿ ನನ್ನ ಕಾಲು ತುಳಿದಳು. ಕಲಿಸುವವರಿಗೇ ಮರೆತಿದ್ದರೆ ನಾವು ಹತ್ತು ತಿಂಗಳು ಕಲಿತದ್ದು ಏನು?

ಅಂದು ಆಟ ಆಗಲಿಲ್ಲ. ಅವರು ತಮ್ಮ ಕತೆ ಹೇಳಿದರು. ಹಳ್ಳಿಯಲ್ಲಿ ಹುಟ್ಟಿ ಹತ್ತು ವರ್ಷ ಅಲ್ಲೇ ಇದ್ದರು. ಅಪ್ಪ, ಅವ್ವ ಅವರನ್ನು ಕರೆದುಕೊಂಡು ಕಲಕತ್ತೆಗೆ ಬಂದರು. ಅಣ್ಣ ಮುದುಕಿ ಅಜ್ಜಿಯನ್ನು ನೋಡಿಕೊಳ್ಳಲು ಹಿಂದುಳಿದ. ಮದುವೆಯಾಗಿ ಯಾದಗಿರಿಗೆ ಬಂದರು. ಚೀನಾದೊಂದಿಗೆ ಯುದ್ಧವಾದ ವರ್ಷ ಡಾಕ್ಟರು ಬಾಗಿಲು ಹಾಕಿ, ಇನ್ನು ಮನೆಯಲ್ಲಿ ಈ ಮಾತು ಬೇಡ ಎಂದರು. ಗಂಡ ಹೆಂಡತಿ ಒಬ್ಬರಿಗೊಬ್ಬರು ದಖ್ಖನಿಯಲ್ಲಿ, ಕನ್ನಡದಲ್ಲಿ ಆಡಿಕೊಂಡರು. ಬಿಲ್ಲೆಗಳು ಟ್ರಂಕಿಗೆ ಹೋದವು. ಭಯ ಹೋದ ಮೇಲೂ ರೂಢಿ ಹೋಗಲಿಲ್ಲ.

"ನನಗ ಮೂವತ್ತಿದ್ದಾಗ ಕಲಕತ್ತಾದಾಗ ಅವ್ವ ಸತ್ಲು," ಎಂದರು. "ಅಣ್ಣಗ ಯಾರೋ ತಾರು ಕಳ್ಸಿದ್ರು, ಇಂಗ್ಲಿಷಿನಾಗ. ಅವನ ಊರಾಗ ಅದನ್ನ ಓದವ್ರು ಯಾರೂ ಇಲ್ಲ. ಏನೋ ಒಳ್ಳೇದು ಬಂದದ ಅಂತ ಅಂಗಿ ಕಿಸೆದಾಗ ಇಟ್ಕೊಂಡು ತಿರುಗ್ಯಾನ. ಮಂದಿಗಿ ತೋರ್ಸ್ಯಾನ. ನಮ್ಮವ್ವ ಬರಾಕತ್ತಾಳ ಅಂದಾನ. ಮೂರು ತಿಂಗಳು. ಮೂರು ತಿಂಗಳು ಮ್ಯಾಲೆ ಪಟ್ಟಣದಾಗ ಯಾರೋ ಓದಿ ಹೇಳ್ಯಾರ."

ಅವರು ನೋಟ್ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು.

"ಈಗ ಅವಗ ತೊಂಬತ್ತು. ಪ್ರತಿ ಗುರುವಾರ ಫೋನ್ ಮಾಡ್ತೀನಿ. ಮೊದ್ಲ ಮೊದ್ಲ ಮಾತೇ ಬರ್ತಿದ್ದಿಲ್ಲ ನನಗ. ಆಂವ ಮಾತಾಡಾಂವ, ನಾ ಅಳಾಕಿ. ಆಗ ಟ್ರಂಕು ತೆಗೆದೆ, ಮೊದ್ಲ ಖಾಸಿಂಗ ಕಲಿಸಿದೆ. ಬಿಲ್ಲಿ ಕೈಯಾಗ ಹಿಡದ್ರ ಒಂದೊಂದೇ ಮಾತು ಬರ್ತದ. ಒಬ್ಬಾಕೇ ಹಿಡದ್ರ ಬರಂಗಿಲ್ಲ. ಎದುರಿಗಿ ಬೈಯವ್ರು ಬೇಕು, ಕಸಗೊಳ್ಳವ್ರು ಬೇಕು." ನನ್ನ ಕಡೆ ತಿರುಗಿ, "ನಾ ಹೋದ ಮ್ಯಾಲ ಅವಗ ಹೇಳವ್ರೂ ಬೇಕು. ಕಾಗದ ಬ್ಯಾಡ. ಫೋನಿನ ಮಿಷನ್ ಮಾತು ಬ್ಯಾಡ. ಮನುಷ್ಯಾರು ಹೇಳ್ಬೇಕು, ನಮ್ಮ ಮಾತಿನಾಗ. ಅದು ನೀವು, ಸಾಹೇಬ್ರ."

"ನಾನಾ? ನನ್ನ ಹೆಂಡ್ತಿಗಿ ನನಗಿಂತ ಚಲೋ ಬರ್ತದ. ಖಾಸಿಂಗ ಇನ್ನೂ ಚಲೋ."

"ಅವ್ರು ಅಳ್ತಾರ. ನೀವು ನನ್ನ ಗ್ವಾಡಿ ಒಂದೂವರಿ ಫೂಟು ತಪ್ಪದ ಅಂತ ನನ್ನ ಮುಖಕ್ಕ ಹೇಳಿ, ನಿಂತು ಚಹಾ ಕುಡದ್ರಿ."

ಅದು ಹೊಗಳಿಕೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಕೆಲಸ ಒಪ್ಪಿಸಿದ ಮೇಲೆ ಅದಕ್ಕೆ ಬೇಕಾದ ಸಾಮಾನು ಕೊಡಬೇಕು. ಮರುದಿನ ಹೊಸ ಹಾಳೆ ತೆಗೆದು, "ಅಮ್ಮಾ, ಆ ವಾಕ್ಯ ಹೇಳ್ರಿ, ಬರ್ಕೊಂತೀನಿ. ತಂಗಿ ತೀರಿಕೊಂಡಳು ಅನ್ನಾಕ ಏನಂತಾರ?" ಎಂದೆ.

ಅವರು ಕೈಯಲ್ಲಿದ್ದ ಬಿಲ್ಲೆಯನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟರು. "ಆ ಮಾತು ಈ ಮನಿಯಾಗ ಆಡಂಗಿಲ್ಲ. ಇದ್ದವ್ರು ತಮ್ಮ ಬಾಯಿಂದ ಅದನ್ನ ಕರಿಯಂಗಿಲ್ಲ. ನಮ್ಮಲ್ಲಿ ಹಂಗ."

"ಮತ್ತ ನಾ ಹ್ಯಾಂಗ ಹೇಳ್ಲಿ?"

"ಇರೂ ಮಾತಿನಾಗ ಕೂಡಿಸ್ರಿ. ದಿನಾ ಹದಿಮೂರು ಕೊಡ್ತೀನಲ್ಲ, ಅದ್ರಾಗ ಕೂಡಸ್ತೀರಿಲ್ಲೋ?"

ಆಮೇಲೆ ಎರಡು ವರ್ಷ ಆಡಿದೆವು. ನಾನು ಆಗಾಗ ಬಳಸು ದಾರಿಯಲ್ಲಿ ಕೇಳಿ ನೋಡಿದೆ. ಅವರು ಪ್ರತಿ ಸಲ ಕಿವುಡರಾದರು. ಆದರೆ ಗುರುವಾರದ ಫೋನು ಬದಲಾಗುತ್ತ ಬಂತು. ನಾವೂ ಕೆಲವು ಸಲ ಇರುತ್ತಿದ್ದೆವು. ಅತ್ತ ಮೊಮ್ಮಗಳೋ ಸೊಸೆಯೋ ಎತ್ತಿ ಮುದುಕರ ಕೈಗೆ ಕೊಡುತ್ತಿದ್ದಳು. ಇವರು "ಕೋ" ಎನ್ನುತ್ತಿದ್ದರು, ಅಣ್ಣ ಎಂದು. ಅಷ್ಟಕ್ಕೇ ನಿಲ್ಲುತ್ತಿದ್ದ ಮಾತು ಐದು ನಿಮಿಷವಾಯಿತು, ಹತ್ತಾಯಿತು. ಒಂದು ದಿನ ಅಣ್ಣನೊಂದಿಗೆ ದನಿ ಏರಿಸಿ ಜಗಳವಾಡಿ ಫೋನ್ ಇಟ್ಟರು. ಏನಾಯಿತು ಎಂದು ಖಾಸಿಂ ಗಾಬರಿಯಾದ.

"ಎಂಟು ವರ್ಷದಾಕಿ ಇದ್ದಾಗ ಆಂವ ನನ್ನ ಬಾತುಕೋಳಿ ಮಾರ್ಯಾನ. ಇಲ್ಲಂತಾನ ಈಗ!" ಎಂದರು ಡಾಕ್ಟರಮ್ಮ. ಮುಖ ಕೆಂಪಾಗಿತ್ತು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಜ್ವರ ಬಂದದ್ದು ಶನಿವಾರ. ಭಾನುವಾರ ದವಾಖಾನೆಯವರು ಕಲಬುರಗಿಗೆ ಒಯ್ಯಿರಿ ಎಂದರು, ಇವರು ಬರುವುದಿಲ್ಲ ಎಂದರು. ಸೋಮವಾರ ನನ್ನನ್ನು ಕರೆದು ಎರಡು ಮಾತು ಹೇಳಿದರು. ಒಂದು: "ಗುರುವಾರಕ್ಕೇ ಮಾಡ್ರಿ. ಮೊದ್ಲ ಮಾಡಬ್ಯಾಡ್ರಿ, ಬ್ಯಾರೆ ದಿನ ಫೋನ್ ಬಂದ್ರ ಆಂವ ಎತ್ತೂದ್ರಾಗೇ ಹೆದರ್ತಾನ." ಇನ್ನೊಂದು: "ಆಂವ ಇಡೂ ತನಕ ನೀವು ಇಡಬ್ಯಾಡ್ರಿ." ಮಂಗಳವಾರ ಬೆಳಗಿನ ಜಾವ ಹೋದರು. ಬುಧವಾರ ಮಧ್ಯಾಹ್ನ ಡಾಕ್ಟರ ಗೋರಿಯ ಪಕ್ಕದಲ್ಲಿ ಇಟ್ಟೆವು.

ಗುರುವಾರ ಒಂಬತ್ತರಿಂದ ಹತ್ತರವರೆಗೆ ನನ್ನ ಪುಸ್ತಕದ ನಾನೂರು ಚಿಲ್ಲರೆ ಪದಗಳನ್ನು ಒಂದೊಂದಾಗಿ ನೋಡಿದೆ. ಗಾಳಿ ಇತ್ತು, ಬಿದಿರು ಇತ್ತು, ತಿಂದೆ, ಕಸಿದೆ, ಬೇಡ, ಬೇಗ, ಕಳ್ಳ, ಕುರುಡ, ನಿನ್ನ ಸರದಿ, ಇವತ್ತು, ನಾಳೆ ಎಲ್ಲ ಇತ್ತು. ಬೇಕಾದದ್ದು ಇರಲಿಲ್ಲ. ಹೋದಳು ಎಂಬುದಕ್ಕೂ ಪದವಿಲ್ಲ, ಯಾಕೆಂದರೆ ಆಟದಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಖಾಸಿಮನನ್ನು ಕೇಳಿದೆ. ಅವನು ಗೋಡೆಗೆ ಮುಖ ಮಾಡಿ ಕೂತಿದ್ದ, "ನನಗ ಬರಂಗಿಲ್ಲ ಸಾಹೇಬ್ರ" ಎಂದಷ್ಟೇ ಅಂದ. ಅವನಿಗೆ ನಲವತ್ತು ವರ್ಷದ ಒಡನಾಟ. ಬರುತ್ತಿತ್ತೋ ಏನೋ, ಗೊತ್ತಿಲ್ಲ.

ನನ್ನ ಹೆಂಡತಿ ಹೇಳಿದಳು, "ಆರು ಗಂಟೆಗಿ ಏಳುವಾಗ ಏನಂತಿದ್ಳು? ಇನ್ನ ಸಾಕು, ಇನ್ನ ಆಡಂಗಿಲ್ಲ ಅಂತಿದ್ಳಲ್ಲ?"

"ಪು ದಾ ಲಾ."

"ಅದ್ನೇ ಹೇಳ್ರಿ."

"ತಂಗಿ ಇನ್ನ ಆಡಂಗಿಲ್ಲ ಅಂದ್ರ ಸಿಟ್ಟು ಮಾಡ್ಯಾಳ ಅನ್ಕೋತಾನ. ಬಾತುಕೋಳಿ ಸಲುವಾಗಿ."

"ಮತ್ತ ಬ್ಯಾರೆ ಏನದ ನಿಮ್ಮ ಬಳಿ?"

ಪುಸ್ತಕ ಮುಚ್ಚಿ ಎದ್ದೆ.

ಹತ್ತೂವರೆಗೆ ಫೋನ್ ಮಾಡಿದೆ. ಹೆಂಗಸೊಬ್ಬಳು ಎತ್ತಿದಳು. "ಕೋ" ಎಂದೆ. ಆಕೆ ಏನೋ ಕೇಳಿದಳು, ತಿಳಿಯಲಿಲ್ಲ. ಮತ್ತೆ "ಕೋ" ಎಂದೆ. ಫೋನ್ ಕೈ ದಾಟುವ ಸದ್ದು, ಬಟ್ಟಲು ಇಡುವ ಸದ್ದು. ಮುದುಕರು ತಂಗೀ ಎಂದು ಕರೆದರು: "ಮೇ?"

ನಾನು ನಿಂತಿದ್ದೆ. "ಮೇ ಪು ದಾ ಲಾ," ಎಂದೆ.

"ಪು ದಾ ಲಾ?" ಎಂದರು. ಸಿಟ್ಟಾದವಳನ್ನು ವಿಚಾರಿಸುವ ದನಿ, ಸ್ವಲ್ಪ ನಗೆಯೂ ಇತ್ತು. ನಾನು ಹೆದರಿದ್ದೇ ಆಯಿತು.

ಇನ್ನೊಮ್ಮೆ ಅಳೆಯಬೇಕಿತ್ತು. ನಿಧಾನವಾಗಿ, ಒಂದೊಂದೇ ಬಿಡಿಸಿ ಹೇಳಿದೆ. ಇವತ್ತು ಇಲ್ಲ. ನಾಳೆ ಇಲ್ಲ. ಪೂರ್ವದ ಗಾಳಿಗೆ ಇಲ್ಲ, ದಕ್ಷಿಣಕ್ಕೆ ಇಲ್ಲ, ಪಶ್ಚಿಮಕ್ಕೆ ಇಲ್ಲ, ಉತ್ತರಕ್ಕೆ ಇಲ್ಲ. ಮೇ ಪು ದಾ ಲಾ. ನಾಲ್ಕು ಗಾಳಿಯೂ ಒಂದು ಸುತ್ತು ತಿರುಗಿದರೆ ಆಟ ಪೂರ್ತಿ ಮುಗಿದಂತೆ. ಅದು ಆಡುವವರಿಗೆಲ್ಲ ಗೊತ್ತು. ಅವರಿಗೂ ಗೊತ್ತಿರಲಿ ಎಂದುಕೊಂಡೆ.

ಲೈನ್ ಹೋಯಿತೇ ಎಂದು ಪರದೆ ನೋಡಿದೆ. ಸೆಕೆಂಡು ಓಡುತ್ತಿತ್ತು. ಆಮೇಲೆ ಮುದುಕರು ಒಂದು ಚಿಕ್ಕ ಪ್ರಶ್ನೆ ಕೇಳಿದರು. ಅದರಲ್ಲಿ "ನೀ" ಇತ್ತು, ನೀನು ಎಂದು. ನೀನು ಯಾರು ಎಂದಿರಬೇಕು. ನೆರೆಯವನು, ಶಿಷ್ಯ, ಸರ್ವೇಯರ್ ಯಾವುದಕ್ಕೂ ನನ್ನಲ್ಲಿ ಪದವಿಲ್ಲ. ಒಂದಿತ್ತು. ಆಟದಲ್ಲಿ ಒಬ್ಬರು ಆಡಿದ ಮೇಲೆ ಯಾರ ಸರದಿ ಬರುತ್ತದೋ, ಆ ಬಲಗಡೆಯವರಿಗೆ ಒಂದು ಹೆಸರಿದೆ, "ಶಿಯಾ ಜಿಯಾ".

"ಮೇ, ಶಿಯಾ ಜಿಯಾ," ಎಂದೆ. ನಿಮ್ಮ ತಂಗಿಯ ನಂತರದವನು.

"ಓ," ಎಂದರು. ಕುರ್ಚಿ ಎಳೆದ ಸದ್ದು ಬಂತು.

ಆಮೇಲೆ ಅವರು ಮಾತಾಡತೊಡಗಿದರು. ನನಗೆ ಹೇಳುತ್ತಿದ್ದರು, ತಂಗಿಗಲ್ಲ; ಅಷ್ಟು ತಿಳಿಯಿತು. ದನಿ ಒಮ್ಮೆ ಒಡೆಯಿತು, ಸರಿಯಾಯಿತು, ಮತ್ತೆ ಒಡೆಯಿತು. ಮಧ್ಯೆ "ತೋಂಗ್" ಎರಡು ಸಲ ಬಂತು. ಪೂರ್ವಕ್ಕೆ ಏನಿತ್ತೋ, ಮನೆಯೋ, ಹೊಳೆಯೋ, ಅವರು ಅವಳನ್ನು ಕಳಿಸಿಕೊಟ್ಟ ದಾರಿಯೋ. ಒಮ್ಮೆ ನಕ್ಕರು. ಬಾತುಕೋಳಿಯ ಮಾತು ಬಂದಿರಬಹುದು; ಬಾತುಕೋಳಿಗೆ ಏನನ್ನುತ್ತಾರೆಂದು ನಾನು ಬರೆದುಕೊಂಡಿರಲಿಲ್ಲ. ಇಪ್ಪತ್ತು ನಿಮಿಷ. ನಾನು ಕೂರಲಿಲ್ಲ, ಇಡಲಿಲ್ಲ. ಕೊನೆಗೆ ಅವರೇ ಇಟ್ಟರು.

"ಏನಂದ್ರು?" ಎಂದಳು ನನ್ನ ಹೆಂಡತಿ.

"ತಿಳೀಲಿಲ್ಲ."

"ಮತ್ತ ಅಷ್ಟೊತ್ತು ಹೂಂ, ಹೂಂ ಅನ್ನಾಕತ್ತಿದ್ರಿ?"

"ಅನ್ನಬೇಕಲ್ಲ. ಆಂವ ಹೇಳಾಕತ್ತಿದ್ದ."

ಖಾಸಿಂ ಗೋಡೆಯ ಕಡೆಯಿಂದ ತಿರುಗಿದ. ಡಾಕ್ಟರಮ್ಮನಿಂದ ಪಡೆದದ್ದಕ್ಕೆ ನಾನು ಏನು ಕೊಟ್ಟೆ ಎಂದು ಕೇಳಿದರೆ ಆ ಇಪ್ಪತ್ತು ನಿಮಿಷದ ಹೂಂ ಬಿಟ್ಟು ಬೇರೇನೂ ತೋರಿಸಲಾರೆ. ಹನ್ನೊಂದು ಗಂಟೆಗೆ ಮೂರು ಬಟ್ಟಲು ಚಹಾ ಆಯಿತು, ಹಾಲಿಲ್ಲದ್ದು. ಕುಡಿದೆವು. ಬಟ್ಟಲು ತೊಳೆದು ಬೋರಲು ಹಾಕಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಖಾಸಿಮನಿಗೆ ಕೊಟ್ಟು ಮನೆಗೆ ನಡೆದೆವು.